ಆರೋಗ್ಯ ಸೇವಾ ಸಂಶೋಧನೆಯಲ್ಲಿ ಮಾಜಿ ಸೈನಿಕರ ಪಾಲುದಾರಿಕೆ

ಸೇನೆಯಿಂದ ಮರಳಿದವರಿಗೆ ಸಿಗುವ ವೈದ್ಯಕೀಯ ಸೇವೆಯನ್ನು ಕುರಿತ ಸಂಶೋಧನೆಯಲ್ಲಿ ಅವರನ್ನು ಅಧ್ಯಯನದ ವಸ್ತುವಾಗಿ ಮಾತ್ರ ಕಾಣದೆ, ಸಂಶೋಧಕರ ಜೊತೆಗಾರರನ್ನಾಗಿ ಕೂರಿಸಿಕೊಳ್ಳುವ ಪದ್ಧತಿ. ಯಾವ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕು, ಯಾರನ್ನು ಹೇಗೆ ಮಾತನಾಡಿಸಬೇಕು, ಬಂದ ಉತ್ತರಕ್ಕೆ ಏನು ಅರ್ಥ, ಅದನ್ನು ಯಾರಿಗೆ ತಲಪಿಸಬೇಕು ಎಂಬ ಹಂತಗಳಲ್ಲೆಲ್ಲ ಮಾಜಿ ಸೈನಿಕರ ಮಾತಿಗೆ ಬೆಲೆ ಇರಬೇಕೆಂಬುದು ಇದರ ತಿರುಳು. ಈ ಪದ್ಧತಿ ಹೆಚ್ಚು ಬೆಳೆದಿರುವುದು ಅಮೆರಿಕದಲ್ಲಿ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಗಳಲ್ಲೂ ಬೇರೆ ಬೇರೆ ರೂಪಗಳಲ್ಲಿದೆ.

ಆರೋಗ್ಯ ಸೇವಾ ಸಂಶೋಧನೆ ಎಂಬುದು ಔಷಧ ಸಂಶೋಧನೆಗಿಂತ ಬೇರೆ. ಒಂದು ಮಾತ್ರೆ ರಕ್ತದೊತ್ತಡವನ್ನು ಇಳಿಸುತ್ತದೆಯೇ ಎಂಬುದು ಔಷಧ ವಿಜ್ಞಾನದ ಪ್ರಶ್ನೆ. ಆ ಮಾತ್ರೆ ಬೇಕಾದವನಿಗೆ ತಲಪುತ್ತದೆಯೇ, ಅದಕ್ಕಾಗಿ ಎಷ್ಟು ದಿನ ಕಾಯಬೇಕು, ಎರಡು ಸಲ ಬಂದವನು ಮೂರನೆಯ ಸಲ ಯಾಕೆ ಬರಲಿಲ್ಲ, ಹೆಂಗಸರ ಸರದಿ ಯಾಕೆ ಚಿಕ್ಕದು ಎಂಬಿವು ಸೇವಾ ಸಂಶೋಧನೆಯ ಪ್ರಶ್ನೆಗಳು. ಇವುಗಳ ಉತ್ತರ ಪ್ರಯೋಗಶಾಲೆಯಲ್ಲಿ ಸಿಗುವುದಿಲ್ಲ. ಬಾರದೇ ಹೋದವನಿಗೆ ತಾನು ಯಾಕೆ ಬರಲಿಲ್ಲವೆಂಬುದು ಗೊತ್ತಿರುತ್ತದೆ, ಅವನ ಕಡತಕ್ಕೆ ಗೊತ್ತಿರುವುದಿಲ್ಲ.

ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಗೆ ಅಲ್ಲಿನವರ ಬಾಯಲ್ಲಿ ವಿಎ ಎಂದೇ ಹೆಸರು. ಅದು ಸುಮಾರು 90 ಲಕ್ಷ ಮಾಜಿ ಸೈನಿಕರು ಹೆಸರು ನೋಂದಾಯಿಸಿರುವ, 170ರಷ್ಟು ವೈದ್ಯಕೀಯ ಕೇಂದ್ರಗಳುಳ್ಳ, ಆ ದೇಶದ ಅತಿ ದೊಡ್ಡ ಏಕೀಕೃತ ಆಸ್ಪತ್ರೆ ಜಾಲ. 1930ರಲ್ಲಿ ಆಡಳಿತ ಸಂಸ್ಥೆಯಾಗಿ ಹುಟ್ಟಿ 1989ರಲ್ಲಿ ಸಚಿವ ಸಂಪುಟ ದರ್ಜೆಯ ಇಲಾಖೆಯಾಯಿತು. ಇಷ್ಟು ದೊಡ್ಡ ಜಾಲ, ಒಂದೇ ಕಡೆ ಉಳಿಯುವ ದಾಖಲೆ, ವರ್ಷಗಟ್ಟಲೆ ಅದೇ ಆಸ್ಪತ್ರೆಗೆ ಬರುವ ರೋಗಿಗಳು: ಸಂಶೋಧಕರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಅದೇ ಅನುಕೂಲ ಮಾಜಿ ಸೈನಿಕನನ್ನು ಬಹುಕಾಲ ಬರಿಯ ಅಂಕಿಯನ್ನಾಗಿಯೂ ಮಾಡಿತು.

ಪ್ರಯೋಗಕ್ಕೆ ಒದಗಿದ ದೇಹ

ಸೈನಿಕರಿಗೂ ಸಂಶೋಧನೆಗೂ ಇರುವ ಹಳೆಯ ನಂಟಿನಲ್ಲಿ ಒಂದು ಕಪ್ಪು ಅಧ್ಯಾಯವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸುಮಾರು 60,000 ಸೈನಿಕರನ್ನು ಸಾಸಿವೆ ಅನಿಲ ಮತ್ತು ಲೂಯಿಸೈಟ್ ವಿಷಗಳ ಪ್ರಯೋಗಕ್ಕೆ ಬಳಸಿಕೊಳ್ಳಲಾಯಿತು. ಹಲವರಿಗೆ ಹೇಳಿದ್ದು ಬೇಸಿಗೆಯ ಸಮವಸ್ತ್ರದ ಪರೀಕ್ಷೆ ಎಂದು. ಆಸೆ ತೋರಿಸಿದ್ದು ಹೆಚ್ಚುವರಿ ರಜೆಯನ್ನು. ಅನಿಲ ತುಂಬಿದ ಕೋಣೆಯಲ್ಲಿ ನಿಂತು ಬಂದವರಿಗೆ ಬಾಯಿಬಿಡಕೂಡದೆಂಬ ಆಣೆ. ಚರ್ಮ, ಕಣ್ಣು, ಶ್ವಾಸಕೋಶದ ಕಾಯಿಲೆ ಬಂದಾಗ ವೈದ್ಯರಿಗೂ ಕಾರಣ ಹೇಳಲಾಗದೆ ಎಷ್ಟೋ ಮಂದಿ ಅರ್ಧ ಶತಮಾನ ಕಳೆದರು. ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆ 1993ರಲ್ಲಿ ವರದಿ ಕೊಟ್ಟ ಮೇಲೆ ಇದರ ಪೂರ್ಣ ಚಿತ್ರ ಬೆಳಕಿಗೆ ಬಂತು. ಮಾಜಿ ಸೈನಿಕರಲ್ಲಿ ಸಂಶೋಧನೆಯ ಬಗ್ಗೆ ಇಂದಿಗೂ ಕಾಣುವ ಶಂಕೆಯನ್ನು ಬರಿಯ ಅಜ್ಞಾನ ಎನ್ನುವವರು ಈ ವರದಿಯನ್ನು ಓದಿಲ್ಲವೆಂದೇ ಹೇಳಬೇಕು.

ಎಲ್ಲ ಪ್ರಯೋಗಗಳೂ ಹೀಗಿರಲಿಲ್ಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡುವ ಬಹುಕೇಂದ್ರ ಅಧ್ಯಯನ 1946ರಲ್ಲಿ ಇದೇ ಆಸ್ಪತ್ರೆಗಳಲ್ಲಿ ಆರಂಭವಾಯಿತು. ಎಡ್ವರ್ಡ್ ಫ್ರೀಸ್ ನೇತೃತ್ವದ ರಕ್ತದೊತ್ತಡದ ಅಧ್ಯಯನ 1967 ಮತ್ತು 1970ರಲ್ಲಿ ಪ್ರಕಟವಾದ ಮೇಲೆ, ಏರಿದ ಒತ್ತಡವನ್ನು ಮಾತ್ರೆಯಿಂದ ಇಳಿಸಿದರೆ ಪಾರ್ಶ್ವವಾಯು, ಹೃದಯ ವೈಫಲ್ಯಗಳು ತಗ್ಗುತ್ತವೆಂಬುದು ಜಗತ್ತಿಗೆ ಖಚಿತವಾಯಿತು. ಆ ಅಧ್ಯಯನದ ಒಂದು ವಿವರ ಸ್ವಾರಸ್ಯಕರ. ಸೇರಿಸಿಕೊಳ್ಳುವ ಮುನ್ನ ರಿಬೊಫ್ಲೇವಿನ್ ಬೆರೆಸಿದ ಹುಸಿ ಮಾತ್ರೆ ಕೊಟ್ಟು, ಮೂತ್ರ ಹೊಳೆಯುತ್ತದೆಯೇ ಎಂದು ವಿಶೇಷ ಬೆಳಕಿನಲ್ಲಿ ನೋಡುತ್ತಿದ್ದರು. ಹೊಳೆಯದಿದ್ದರೆ ಅವನು ಮಾತ್ರೆ ನುಂಗಿಲ್ಲ, ಅಂಥವನನ್ನು ಕೈಬಿಡುತ್ತಿದ್ದರು. ಔಷಧದ ಗುಣ ಅಳೆಯಲು ಇದು ಜಾಣ ಉಪಾಯ. ಆದರೆ ಅವನು ಮಾತ್ರೆಯನ್ನು ಯಾಕೆ ನುಂಗಲಿಲ್ಲ ಎಂಬ ಪ್ರಶ್ನೆ ಅಲ್ಲೇ ಬಾಗಿಲಾಚೆ ಉಳಿಯಿತು. ಸೇವಾ ಸಂಶೋಧನೆ ಶುರುವಾಗುವುದು ಆ ಬಾಗಿಲಾಚೆಯಿಂದ.

ಪ್ರಶ್ನೆಯನ್ನು ತಾವೇ ಕಟ್ಟಿದವರು

ಪಾಲುದಾರಿಕೆ ಎಂಬ ಹೆಸರು ಬರುವ ಮೊದಲೇ ಆ ಕೆಲಸ ನಡೆದದ್ದು ವಿಯೆಟ್ನಾಂ ಯುದ್ಧದಿಂದ ಮರಳಿದವರಿಂದ. 1970ರ ಕೊನೆಯಲ್ಲಿ, ಯುದ್ಧವಿರೋಧಿ ವಿಯೆಟ್ನಾಂ ಸೈನಿಕರ ಸಂಘಟನೆಯ ನ್ಯೂಯಾರ್ಕ್ ಕಚೇರಿಯಲ್ಲಿ ಕೆಲವರು ವಾರಕ್ಕೊಮ್ಮೆ ಸೇರಿ ಮನಸ್ಸು ಬಿಚ್ಚಿ ಮಾತನಾಡತೊಡಗಿದರು. ಇವನ್ನು ರ‍್ಯಾಪ್ ಗುಂಪುಗಳು ಎಂದು ಕರೆದರು. ನಮ್ಮ ಮಾತಿನಲ್ಲಿ ಹರಟೆಕಟ್ಟೆ ಎನ್ನಬಹುದು, ಅಲ್ಲಿನ ಮಾತು ಹರಟೆಯದಾಗಿರಲಿಲ್ಲ ಅಷ್ಟೆ. ಮನೋವೈದ್ಯರಾದ ರಾಬರ್ಟ್ ಜೇ ಲಿಫ್ಟನ್ ಮತ್ತು ಕೈಮ್ ಶಾಟನ್ ಅಲ್ಲಿಗೆ ಹೋದರು. ಹೋದರು ಎಂಬುದೇ ಇಲ್ಲಿ ಮುಖ್ಯ. ಸೈನಿಕರು ಆಸ್ಪತ್ರೆಗೆ ಬರಲಿಲ್ಲ, ವೈದ್ಯರು ಸೈನಿಕರ ಕೋಣೆಗೆ ಹೋಗಿ ಅವರ ನಡುವೆ ಕುಳಿತರು. ಶುಲ್ಕವಿಲ್ಲ, ಕಡತವಿಲ್ಲ.

ಆಗಿನ ಮನೋವೈದ್ಯ ಶಾಸ್ತ್ರದಲ್ಲಿ ಇವರ ಸಂಕಟಕ್ಕೆ ಹೆಸರೇ ಇರಲಿಲ್ಲ. ಅಮೆರಿಕನ್ ಮನೋವೈದ್ಯ ಸಂಘದ ರೋಗನಿರ್ಣಯ ಕೈಪಿಡಿಯ 1952ರ ಮೊದಲ ಆವೃತ್ತಿಯಲ್ಲಿದ್ದ ತೀವ್ರ ಒತ್ತಡದ ಪ್ರತಿಕ್ರಿಯೆ ಎಂಬ ನಮೂದು 1968ರ ಎರಡನೆಯ ಆವೃತ್ತಿಯಲ್ಲಿ ಬಿಟ್ಟುಹೋಗಿತ್ತು. ಯುದ್ಧದ ಕನಸಿನಿಂದ ಬೆಚ್ಚಿ ಏಳುವವನಿಗೆ ಕುಡಿತದ ಚಟ, ಸ್ವಭಾವದ ದೋಷ, ಇಲ್ಲವೇ ಚಿತ್ತವೈಕಲ್ಯ ಎಂಬ ಚೀಟಿ ಅಂಟುತ್ತಿತ್ತು. ಬಾಸ್ಟನ್ನಿನ ವಿಎ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಸಾರಾ ಹೇಲಿ, ರೋಗಿ ಹೇಳಿದ ಯುದ್ಧದ ಕ್ರೌರ್ಯಗಳನ್ನು ಭ್ರಮೆಯೆಂದು ತಳ್ಳಿಹಾಕದೆ ನಿಜವೆಂದು ಕೇಳಿಸಿಕೊಳ್ಳಬೇಕೆಂದು 1974ರಲ್ಲಿ ಬರೆದದ್ದು ಆ ಕಾಲಕ್ಕೆ ದಿಟ್ಟ ಹೆಜ್ಜೆ. ಸೈನಿಕರು, ವೈದ್ಯರು, ಸಮಾಜ ಕಾರ್ಯಕರ್ತರು ಸೇರಿ ಪ್ರಕರಣಗಳನ್ನು ಕಲೆಹಾಕಿದರು. ಕೈಪಿಡಿಯ ಪರಿಷ್ಕರಣೆಗೆಂದು ರಚಿತವಾದ ಉಪಸಮಿತಿಯಲ್ಲಿ ಲಿಫ್ಟನ್, ಶಾಟನ್ ಜೊತೆಗೆ ಜ್ಯಾಕ್ ಸ್ಮಿತ್ ಎಂಬ ಮಾಜಿ ಸೈನಿಕನೂ ಕುಳಿತ. 1980ರ ಮೂರನೆಯ ಆವೃತ್ತಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಇಂದು ಎಲ್ಲರಿಗೂ ಪರಿಚಿತವಾದ ಪಿಟಿಎಸ್‌ಡಿ, ಸೇರಿತು. ಭೂಕಂಪ, ಅತ್ಯಾಚಾರ, ಅಪಘಾತಗಳಿಂದ ನೊಂದವರಿಗೂ ಇಂದು ಅದೇ ಹೆಸರಿನಲ್ಲಿ ಚಿಕಿತ್ಸೆ ಸಿಗುತ್ತಿದೆ.

ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗಾಗಿ ಪೇಟೆಬೀದಿಯಲ್ಲೇ ಸಲಹಾ ಕೇಂದ್ರ ತೆರೆಯಬೇಕೆಂಬ ಬೇಡಿಕೆಯೂ ಈ ಗುಂಪುಗಳದೇ. 1979ರ ಕಾಯಿದೆಯಿಂದ ಹುಟ್ಟಿದ ವೆಟ್ ಸೆಂಟರ್‌ಗಳು ಈಗ 300ರಷ್ಟಿವೆ. ಸಲಹೆಗಾರರಲ್ಲಿ ಹಲವರು ಸ್ವತಃ ಮಾಜಿ ಸೈನಿಕರು. 1983ರಲ್ಲಿ ಅಮೆರಿಕದ ಸಂಸತ್ತು ಆದೇಶಿಸಿದ ರಾಷ್ಟ್ರೀಯ ಅಧ್ಯಯನ, ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ ಗಂಡಸರಲ್ಲಿ ಶೇ. 15.2ರಷ್ಟು ಮಂದಿ ಆ ಹೊತ್ತಿಗೂ ಪಿಟಿಎಸ್‌ಡಿಯಿಂದ ನರಳುತ್ತಿದ್ದಾರೆಂದು ಕಂಡುಹಿಡಿಯಿತು. ಹೆಸರಿಟ್ಟ ಮೇಲಲ್ಲವೇ ಲೆಕ್ಕ ಸಿಗುವುದು.

ಕೊಲ್ಲಿ ಯುದ್ಧದ ಕಾಯಿಲೆ

1990-91ರ ಕೊಲ್ಲಿ ಯುದ್ಧಕ್ಕೆ ಹೋದ ಅಮೆರಿಕದ ಸುಮಾರು 6,97,000 ಸೈನಿಕರಲ್ಲಿ ಬಹಳ ಮಂದಿ ಆಯಾಸ, ಕೀಲುನೋವು, ಮರೆವು, ಹೊಟ್ಟೆಯ ತೊಂದರೆಗಳನ್ನು ಹೊತ್ತು ಬಂದರು. ರಕ್ತಪರೀಕ್ಷೆಯಲ್ಲಿ ಏನೂ ಕಾಣದು. ಅಧ್ಯಕ್ಷರು ನೇಮಿಸಿದ ಸಲಹಾ ಸಮಿತಿ 1996ರಲ್ಲಿ, ಮಾನಸಿಕ ಒತ್ತಡವೇ ಒಂದು ಮುಖ್ಯ ಕಾರಣವಿರಬಹುದೆಂದು ಅಭಿಪ್ರಾಯಪಟ್ಟಿತು. ಇಲ್ಲಿ ಚರಿತ್ರೆ ತಲೆಕೆಳಗಾಯಿತು ಎನ್ನಬೇಕು. ಹಿಂದಿನ ಪೀಳಿಗೆ ಮನಸ್ಸಿನ ಗಾಯವನ್ನು ಒಪ್ಪಿಸಲು ಹೋರಾಡಿತ್ತು. ಈ ಪೀಳಿಗೆ ತಮ್ಮದು ಮನಸ್ಸಿನ ಗಾಯ ಮಾತ್ರವಲ್ಲ, ಮೈಯದೂ ಎಂದು ಒಪ್ಪಿಸಲು ಹೋರಾಡಬೇಕಾಯಿತು.

ಸಂಸತ್ತು 1998ರಲ್ಲಿ ಕಾಯಿದೆ ಮಾಡಿ ಸಂಶೋಧನಾ ಸಲಹಾ ಸಮಿತಿಯೊಂದನ್ನು ರಚಿಸಲು ಹೇಳಿತು. 2002ರಲ್ಲಿ ಅದು ಅಸ್ತಿತ್ವಕ್ಕೆ ಬಂತು. ವಿಜ್ಞಾನಿಗಳ ಸಾಲಿನಲ್ಲೇ ಕೊಲ್ಲಿ ಯುದ್ಧದ ಮಾಜಿ ಸೈನಿಕರಿಗೂ ಕುರ್ಚಿ. ಅಧ್ಯಕ್ಷರಾಗಿದ್ದ ಜೇಮ್ಸ್ ಬಿನ್ಸ್ ವಿಯೆಟ್ನಾಂ ಕಾಲದ ಸೈನಿಕರು. 2008ರ ವರದಿಯಲ್ಲಿ ಸಮಿತಿ, ಈ ಕಾಯಿಲೆ ನಿಜವಾದದ್ದು, ಹೋದವರಲ್ಲಿ ಕಡಿಮೆಯೆಂದರೂ ನಾಲ್ಕರಲ್ಲಿ ಒಬ್ಬರನ್ನು ಬಾಧಿಸುತ್ತಿದೆ, ನರ ಅನಿಲದ ವಿರುದ್ಧ ರಕ್ಷಣೆಗೆಂದು ನುಂಗಿಸಿದ ಪಿರಿಡೊಸ್ಟಿಗ್ಮಿನ್ ಬ್ರೋಮೈಡ್ ಮಾತ್ರೆಗಳೂ ಕೀಟನಾಶಕಗಳೂ ಇದಕ್ಕೆ ಕಾರಣ ಎಂದು ತೀರ್ಮಾನಿಸಿತು. ಈ ಕತೆಗೆ ಇನ್ನೊಂದು ತುದಿಯೂ ಇದೆ. 2013ರಲ್ಲಿ ವಿಎ ಆ ಸಮಿತಿಯ ಕಾರ್ಯವ್ಯಾಪ್ತಿಯನ್ನು ಮೊಟಕುಗೊಳಿಸಿ ಸದಸ್ಯರನ್ನು ಬದಲಿಸಿತು. ಕುರ್ಚಿ ಕೊಟ್ಟವರೇ ಕುರ್ಚಿಯನ್ನು ಹಿಂದಕ್ಕೆ ಎಳೆಯಬಲ್ಲರು. ಪಾಲುದಾರಿಕೆಯನ್ನು ಕೊಂಡಾಡುವ ಬರಹಗಳಲ್ಲಿ ಈ ಭಾಗ ವಿರಳವಾಗಿ ಕಾಣುತ್ತದೆ.

ಇದೇ ಅವಧಿಯಲ್ಲಿ ರಕ್ಷಣಾ ಇಲಾಖೆಯ ವೈದ್ಯಕೀಯ ಸಂಶೋಧನಾ ಯೋಜನೆಗಳಲ್ಲಿ, ಅರ್ಜಿಗಳನ್ನು ಅಳೆಯುವ ತಂಡಕ್ಕೆ ಕಾಯಿಲೆ ಅನುಭವಿಸಿದವರನ್ನೂ ಸೇರಿಸುವ ಕ್ರಮ ನೆಲೆಗೊಂಡಿತು. ಸ್ತನ ಕ್ಯಾನ್ಸರ್ ಯೋಜನೆಯಲ್ಲಿ 1990ರ ದಶಕದ ನಡುವೆ ಆರಂಭವಾದ ಈ ಕ್ರಮ ಮುಂದೆ ಕೊಲ್ಲಿ ಯುದ್ಧದ ಕಾಯಿಲೆಯ ಯೋಜನೆಗೂ ಬಂತು. ಯಾವ ಅಧ್ಯಯನಕ್ಕೆ ಹಣ ಕೊಡಬೇಕೆಂಬ ಅಂಕಪಟ್ಟಿಯಲ್ಲಿ ಪ್ರಾಧ್ಯಾಪಕರ ಅಂಕದ ಜೊತೆ ಕಾಯಿಲೆಯವರ ಅಂಕವೂ ಸೇರುತ್ತದೆ.

ಇಂದಿನ ರೂಪ

ನಾಗರಿಕರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ವಿವರಿಸಿದ್ದರು: ಕೆಳಗೆ ಕಣ್ಣೊರೆಸುವ ತಂತ್ರ, ನಡುವೆ ಅಭಿಪ್ರಾಯ ಕೇಳುವುದು, ಮೇಲೆ ಅಧಿಕಾರ ಹಂಚಿಕೊಳ್ಳುವುದು. ಬ್ರಿಟನ್ನಿನಲ್ಲಿ 1996ರಿಂದ ಸಾರ್ವಜನಿಕರನ್ನು ಸಂಶೋಧನೆಗೆ ತರುವ ವ್ಯವಸ್ಥೆ ಬೆಳೆಯಿತು. ಅಮೆರಿಕದಲ್ಲಿ 2010ರ ಆರೋಗ್ಯ ಕಾಯಿದೆಯಿಂದ ಹುಟ್ಟಿದ ರೋಗಿಕೇಂದ್ರಿತ ಸಂಶೋಧನಾ ಸಂಸ್ಥೆ, ರೋಗಿಗಳನ್ನು ಜೊತೆಗಿಟ್ಟುಕೊಂಡವರಿಗೆ ಹಣ ಎಂಬ ನಿಯಮ ತಂದಿತು. ಈ ಗಾಳಿ ವಿಎಗೂ ತಟ್ಟಿ, ಅದರ ಸೇವಾ ಸಂಶೋಧನಾ ವಿಭಾಗ 2015ರ ಸುಮಾರಿಗೆ ಮಾಜಿ ಸೈನಿಕರನ್ನು ಸಂಶೋಧನೆಗೆ ತರಲೆಂದು ಕಾರ್ಯತಂಡ ರಚಿಸಿತು. ಡೆನ್ವರ್, ಸಿಯಾಟಲ್, ಪೋರ್ಟ್‌ಲ್ಯಾಂಡ್, ಡರ್ಹಮ್ ಮುಂತಾದೆಡೆಯ ಸಂಶೋಧನಾ ಕೇಂದ್ರಗಳಲ್ಲಿ ಮಾಜಿ ಸೈನಿಕರ ಸಲಹಾ ಗುಂಪುಗಳು ಹುಟ್ಟಿಕೊಂಡವು. ಸಂಶೋಧಕರಿಗಾಗಿ ಸರ್ವ್ ಎಂಬ ಹೆಸರಿನ ಮಾರ್ಗದರ್ಶಿಯೂ ಬಂತು.

ಗುಂಪಿನ ಕೆಲಸ ಹೇಗಿರುತ್ತದೆ? ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹತ್ತು ಹದಿನೈದು ಮಂದಿ ಸೇರುತ್ತಾರೆ. ಸಂಶೋಧಕರು ಹತ್ತು ನಿಮಿಷದಲ್ಲಿ ತಮ್ಮ ಯೋಜನೆ ಹೇಳುತ್ತಾರೆ, ಉಳಿದ ಹೊತ್ತು ಕೇಳಿಸಿಕೊಳ್ಳುತ್ತಾರೆ. ಒಪ್ಪಿಗೆ ಪತ್ರದಲ್ಲಿ ಎಲ್ಲಿ ಓದು ನಿಂತುಹೋಗುತ್ತದೆ, ಬೆಳಿಗ್ಗೆ 10 ಗಂಟೆಗೆ ಕರೆದರೆ ಕೆಲಸಕ್ಕೆ ಹೋಗುವವನು ಹೇಗೆ ಬಂದಾನು, ವಾಹನ ನಿಲ್ಲಿಸಲು ಜಾಗ ಎಲ್ಲಿ, ಪತ್ರ ಸರ್ಕಾರಿ ಲಕೋಟೆಯಲ್ಲಿ ಬಂದರೆ ಪಿಂಚಣಿ ಕಡಿತದ ನೋಟಿಸು ಎಂದು ಹೆದರುವವರಿಲ್ಲವೇ ಎಂಬಂಥ ಮಾತುಗಳು ಬರುತ್ತವೆ. ಇವು ಚಿಲ್ಲರೆ ವಿಷಯ ಎನಿಸಬಹುದು. ಅಧ್ಯಯನಗಳು ಜನ ಸಿಗದೆ ಮುಗ್ಗರಿಸುವುದು ಹೆಚ್ಚಾಗಿ ಇಂಥ ಚಿಲ್ಲರೆಯಲ್ಲೇ.

ಒಂದು ಪದ ಬದಲಾದದ್ದರಿಂದ ಏನಾಗುತ್ತದೆ ಎಂಬುದಕ್ಕೆ ಆತ್ಮಹತ್ಯೆ ತಡೆಯ ಸಂಶೋಧನೆಯನ್ನು ನೋಡಬೇಕು. 2021ರಲ್ಲಿ ಅಮೆರಿಕದ 6,392 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು, ಅವರಲ್ಲಿ ಶೇ. 72ರಷ್ಟು ಮಂದಿ ಬಂದೂಕಿನಿಂದ. ಗಂಡಾಂತರದ ಗಳಿಗೆಯಲ್ಲಿ ಬಂದೂಕು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ ಎಂಬುದು ಸಂಶೋಧಕರಿಗೆ ಗೊತ್ತಿತ್ತು. ಅವರು ಅದನ್ನು ಸಾಧನಗಳ ನಿರ್ಬಂಧ ಎಂದು ಕರೆಯುತ್ತಿದ್ದರು. ಬಂದೂಕು ಇಟ್ಟುಕೊಂಡವನ ಕಿವಿಗೆ ಆ ಮಾತು ಜಪ್ತಿಯಂತೆ ಕೇಳುತ್ತಿತ್ತು. ವೈದ್ಯರು ವಿಷಯ ಎತ್ತಿದೊಡನೆ ಅವನ ಬಾಯಿ ಮುಚ್ಚುತ್ತಿತ್ತು. ಸುರಕ್ಷತೆ ಎಂಬ ಪದ ಹಾಗಲ್ಲ. ಆಯುಧವನ್ನು ಜೋಪಾನವಾಗಿಡುವುದು ಸಿಪಾಯಿಗೆ ತರಬೇತಿಯ ಮೊದಲ ವಾರದಿಂದ ಬಂದ ಪಾಠ, ಹೆಮ್ಮೆಯ ವಿಷಯ ಕೂಡ. ಬಂದೂಕು ಬಲ್ಲವರನ್ನೂ ಮಾಜಿ ಸೈನಿಕರನ್ನೂ ಕೇಳುತ್ತ ಹೋದಂತೆ ನಿರ್ಬಂಧದ ಜಾಗಕ್ಕೆ ಸುರಕ್ಷತೆ ಬಂತು. ತಾತ್ಕಾಲಿಕವಾಗಿ ಎಲ್ಲಿಡುವುದು, ಬೀಗದ ಕೈ ಯಾರ ಬಳಿ ಕೊಡುವುದು ಎಂದು ಮಾತು ಮುಂದುವರಿಯಿತು. ಕೊಲರಾಡೊದಲ್ಲಿ ರೂಪುಗೊಂಡ ಲಾಕ್ ಟು ಲಿವ್ ಎಂಬ ನೆರವಿನ ಸಾಧನ ಇದೇ ದಾರಿಯದು.

ಮಹಿಳಾ ಮಾಜಿ ಸೈನಿಕರ ವಿಷಯದಲ್ಲೂ ಹೀಗೇ. ಅವರು ಚಿಕಿತ್ಸೆಗೆ ತಡವಾಗಿ ಬರುತ್ತಾರೆ, ಅರ್ಧಕ್ಕೆ ಬಿಡುತ್ತಾರೆ ಎಂಬುದು ಅಂಕಿಯಲ್ಲಿತ್ತು. ಕಾರಣ ಅಂಕಿಯಲ್ಲಿರಲಿಲ್ಲ. ಅವರನ್ನೇ ಕೇಳಿದಾಗ ಒಂದು ಕಾರಣ ಹೊರಬಿತ್ತು: 12 ವೈದ್ಯಕೀಯ ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಾಲ್ವರಲ್ಲಿ ಒಬ್ಬ ಮಹಿಳೆ ಆಸ್ಪತ್ರೆಯ ಆವರಣದಲ್ಲೇ ಗಂಡು ಮಾಜಿ ಸೈನಿಕರಿಂದ ಚುಡಾಯಿಕೆ, ಅಸಭ್ಯ ಮಾತು ಎದುರಿಸಿದ್ದಳು. ಮಾಜಿ ಸೈನಿಕರು ಎಂಬುದು ಒಂದೇ ಗುಂಪಲ್ಲ, ಒಬ್ಬರ ದನಿ ಇನ್ನೊಬ್ಬರದಾಗದು ಎಂಬುದಕ್ಕೆ ಇದಕ್ಕಿಂತ ಚುಚ್ಚುವ ಉದಾಹರಣೆ ಬೇಡ.

ತೊಡಕುಗಳು

ಮೊದಲನೆಯದು ಕಾನೂನು. 1972ರ ಒಕ್ಕೂಟ ಸಲಹಾ ಸಮಿತಿ ಕಾಯಿದೆಯ ಪ್ರಕಾರ, ಹೊರಗಿನವರ ಗುಂಪೊಂದು ಒಮ್ಮತದ ಸಲಹೆಯನ್ನು ಸರ್ಕಾರಿ ಇಲಾಖೆಗೆ ಕೊಡಬೇಕಾದರೆ ಅದಕ್ಕೆ ಅಧಿಕೃತ ಸನದು ಬೇಕು, ಸಭೆ ಬಹಿರಂಗವಾಗಿರಬೇಕು. ಹಾಗಾಗಿ ಸಾಮಾನ್ಯ ಸಲಹಾ ಗುಂಪಿನ ಸದಸ್ಯರು ಒಬ್ಬೊಬ್ಬರಾಗಿ ತಮ್ಮ ಅಭಿಪ್ರಾಯ ಹೇಳಬಹುದೇ ಹೊರತು ಕೈಯೆತ್ತಿ ಮತ ಹಾಕಿ ನಿರ್ಣಯ ಮಾಡುವಂತಿಲ್ಲ. ಜೊತೆಗಾರರನ್ನು ಕರೆದು, ಒಟ್ಟಾಗಿ ಮಾತ್ರ ಮಾತನಾಡಬೇಡಿ ಎಂದ ಹಾಗೆ.

ಹಣದ ಮಾತು ಇನ್ನೂ ಸೂಕ್ಷ್ಮ. ಸಂಬಳದ ಸಂಶೋಧಕರ ಎದುರು ಪುಕ್ಕಟೆಯಾಗಿ ಕುಳಿತವನನ್ನು ಪಾಲುದಾರ ಎನ್ನಲು ನಾಲಿಗೆ ತಡವರಿಸಬೇಕು. ಗೌರವಧನ ಕೊಡಹೊರಟರೆ ತೆರಿಗೆ, ನೇಮಕಾತಿ ಕಾಗದ, ಅಂಗವೈಕಲ್ಯ ಭತ್ಯೆಗೆ ಧಕ್ಕೆಯಾದೀತೆಂಬ ಅಂಜಿಕೆ ಎಲ್ಲವೂ ಅಡ್ಡ ಬರುತ್ತವೆ. ಇನ್ನು ಯಾರು ಬಂದು ಕೂರುತ್ತಾರೆ ಎಂಬ ಪ್ರಶ್ನೆ: ನಿವೃತ್ತ, ಬಿಡುವಿರುವ, ಆಸ್ಪತ್ರೆಗೆ ಹತ್ತಿರವಿರುವ, ಮಾತು ಬಲ್ಲ ಹಿರಿಯರು. ಆದರೆ ಅಮೆರಿಕದ ಮಾಜಿ ಸೈನಿಕರಲ್ಲಿ ನಾಲ್ಕರಲ್ಲಿ ಒಬ್ಬರು ಗ್ರಾಮೀಣರು. ಮನೆಯಿಲ್ಲದವರು, ವಿಎಯ ಮೇಲೆ ಮುನಿದು ದೂರವುಳಿದವರು ಬೇರೆ. ಸೇನೆಯ ಶ್ರೇಣಿಯೂ ಜೊತೆಗೆ ಬರುತ್ತದೆ. ಕರ್ನಲ್ ಮಾತನಾಡಿದ ಮೇಲೆ ಸಾರ್ಜೆಂಟ್ ಎದುರಾಡುವುದು ಅಪರೂಪ.

ಇದರಿಂದ ಪ್ರಯೋಜನವಿದೆಯೇ ಎಂದು ಅಳೆಯುವುದೂ ಸುಲಭವಲ್ಲ. ಸಾಮಾನ್ಯ ರೋಗಿಗಳ ಪಾಲ್ಗೊಳ್ಳುವಿಕೆ ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2018ರಲ್ಲಿ ಬಂದ ವಿಶ್ಲೇಷಣೆ, ಅಧ್ಯಯನಕ್ಕೆ ಜನ ಸೇರುವ ಸಾಧ್ಯತೆ ಸಾಧಾರಣ ಮಟ್ಟಿಗೆ ಹೆಚ್ಚುತ್ತದೆಂದು ತೋರಿಸಿತು. ಆದರೆ ಪಾಲುದಾರಿಕೆಯ ನಿಜವಾದ ಫಲ ಸೇರ್ಪಡೆಯ ಶೇಕಡವಾರಿನಲ್ಲಿ ಕಾಣುವಂಥದಲ್ಲ. ಪಿಟಿಎಸ್‌ಡಿಯ ಹೆಸರೇ ಇಲ್ಲದಿದ್ದಾಗ ಯಾವ ಪ್ರಯೋಗಕ್ಕೆ ಎಷ್ಟು ಜನ ಸೇರಿದ್ದರೂ ಆ ಪ್ರಶ್ನೆ ಏಳುತ್ತಿರಲಿಲ್ಲ. ವಂಶವಾಹಿ ಅಧ್ಯಯನಕ್ಕಾಗಿ 2011ರಲ್ಲಿ ಆರಂಭವಾದ ಮಿಲಿಯನ್ ವೆಟರನ್ ಪ್ರೋಗ್ರಾಂಗೆ 2023ರ ನವೆಂಬರ್ ವೇಳೆಗೆ 10 ಲಕ್ಷ ಮಂದಿ ರಕ್ತ ಕೊಟ್ಟು ಸೇರಿದ್ದರು. ಅದು ದೊಡ್ಡ ಸಹಕಾರ, ನಿಜ. ರಕ್ತ ಕೊಡುವುದು ಬೇರೆ, ಆ ರಕ್ತದಲ್ಲಿ ಏನನ್ನು ಹುಡುಕಬೇಕೆಂದು ಹೇಳುವುದು ಬೇರೆ.

ಇತರ ದೇಶಗಳು, ಭಾರತ

ಕೆನಡಾದಲ್ಲಿ 2020ರಲ್ಲಿ ಸ್ಥಾಪಿತವಾದ ಮಾಜಿ ಸೈನಿಕರ ದೀರ್ಘಕಾಲಿಕ ನೋವಿನ ಉತ್ಕೃಷ್ಟತಾ ಕೇಂದ್ರ, ಮಾಜಿ ಸೈನಿಕರ ಸಲಹಾ ಮಂಡಳಿಯನ್ನು ಇಟ್ಟುಕೊಂಡೇ ಕೆಲಸ ಮಾಡುತ್ತದೆ. ಆಸ್ಟ್ರೇಲಿಯದಲ್ಲಿ ಸೈನಿಕರ ಆತ್ಮಹತ್ಯೆ ಕುರಿತು 2021ರಲ್ಲಿ ನೇಮಕವಾದ ರಾಯಲ್ ಕಮಿಷನ್, ಬಾಧಿತರ ಮತ್ತು ಕುಟುಂಬದವರ ಹೇಳಿಕೆಗಳನ್ನು ವಿಸ್ತಾರವಾಗಿ ಕೇಳಿ 2024ರ ಸೆಪ್ಟೆಂಬರ್‌ನಲ್ಲಿ 122 ಶಿಫಾರಸುಗಳನ್ನು ಮುಂದಿಟ್ಟಿತು.

ಭಾರತದಲ್ಲಿ ಮಾಜಿ ಸೈನಿಕರ ಕೊಡುಗೆ ಆಧಾರಿತ ಆರೋಗ್ಯ ಯೋಜನೆ, ಎಲ್ಲರೂ ಇಸಿಎಚ್‌ಎಸ್ ಎನ್ನುವ ಯೋಜನೆ, 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ದೇಶದಾದ್ಯಂತ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳು, ಕುಟುಂಬದವರೂ ಸೇರಿ 50 ಲಕ್ಷಕ್ಕೂ ಹೆಚ್ಚು ಫಲಾನುಭವಿಗಳು. ಸೇವಾ ಸಂಶೋಧನೆಗೆ ಇದಕ್ಕಿಂತ ದೊಡ್ಡ ಕಣ ಬೇಕಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಕೊಡಗಿನಲ್ಲಾಗಲಿ, ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯ ಸುತ್ತಲಾಗಲಿ ಮಾಜಿ ಸೈನಿಕರಿರುವ ಮನೆಗಳು ಹಲವು; ಸಂಘಗಳೂ ಬಲವಾಗಿವೆ. ಆದರೆ ಆ ಬಲವೆಲ್ಲ ಪಿಂಚಣಿಯ ಕಡೆ ಹರಿದಿದೆ. 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಸಮಾನ ಶ್ರೇಣಿಗೆ ಸಮಾನ ಪಿಂಚಣಿಗಾಗಿ ಕುಳಿತವರು ಸರ್ಕಾರದಿಂದ ಘೋಷಣೆ ಹೊರಡಿಸುವಷ್ಟು ಗಟ್ಟಿಗರಾಗಿದ್ದರು. ಚಿಕಿತ್ಸೆಯ ವಿಷಯದಲ್ಲಿ ಅವರ ಮಾತು ದೂರಿನ ಅರ್ಜಿಯಾಗುತ್ತದೆ, ಸಂಶೋಧನೆಯ ಪ್ರಶ್ನೆಯಾಗುವುದು ಅಪರೂಪ. ಔಷಧಕ್ಕಾಗಿ ತಾಲ್ಲೂಕಿನಿಂದ ಬಸ್ಸು ಹಿಡಿದು ಬಂದ ಹವಾಲ್ದಾರ್ ಬರಿಗೈಯಲ್ಲಿ ಮರಳಿದ್ದೂ, ಸೈನಿಕ ಪತಿಯನ್ನು ಕಳೆದುಕೊಂಡ ವೀರ ನಾರಿಯೊಬ್ಬಳು ಇಸಿಎಚ್‌ಎಸ್ ಕಾರ್ಡಿನ ತಿದ್ದುಪಡಿಗೆ ಅಲೆದದ್ದೂ ಅಧ್ಯಯನದ ವಸ್ತುವಾಗಲು ಅರ್ಹ ಸಂಗತಿಗಳೇ.

ಇಂಥ ಪಾಲುದಾರಿಕೆಯನ್ನು ಇಲ್ಲಿ ಆರಂಭಿಸಲು ಹೊಸ ಕಟ್ಟಡ ಬೇಕಾಗಿಲ್ಲ, ಮಾಜಿ ಸೈನಿಕರು ವ್ಯವಸ್ಥೆಯ ಒಳಗೇ ಇದ್ದಾರೆ. ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳ ಉಸ್ತುವಾರಿ ಅಧಿಕಾರಿಯಾಗಿ ಗುತ್ತಿಗೆಯ ಮೇಲೆ ನೇಮಕವಾಗುವವರು ನಿವೃತ್ತ ಸೇನಾಧಿಕಾರಿಗಳು; ಗುಮಾಸ್ತರು, ಚಾಲಕರ ಹುದ್ದೆಗಳಲ್ಲಿಯೂ ಮಾಜಿ ಸೈನಿಕರಿಗೆ ಆದ್ಯತೆ ಇದೆ.